ಗಡಿಬಿಡಿಯ ದಿನಚರಿಯಲ್ಲಿ ಅನುಸಂಧಾನ

'ಅನುಸಂಧಾನ'ವೆಂಬ ಪದವು ನಮ್ಮ ಮಾಧ್ವ ಮನೆತನಗಳಿಗೆ ಹೊಸದೇನಲ್ಲ. ಪ್ರವಚನಗಳಲ್ಲಿ ಅದನ್ನು ಕೇಳುತ್ತೇವೆ. 'ಏನೇ ಮಾಡು, ಅನುಸಂಧಾನಪೂರ್ವಕವಾಗಿ ಮಾಡು' ಎಂದು ಹಿರಿಯರು ಹೇಳುವುದನ್ನೂ ಚಿಕ್ಕಂದಿನಿಂದ ಕೇಳಿದ್ದೇವೆ. ಮಾಡುತ್ತಿರುವ ಕರ್ಮವೇನು, ಯಾರ ಪ್ರೇರಣೆಯಿಂದ ಅದು ನಡೆಯುತ್ತಿದೆ, ಯಾರ ಪ್ರೀತಿಗಾಗಿ ಅದನ್ನು ಮಾಡಬೇಕು ಎಂಬೀ ಮೂರು ಸಂಗತಿಗಳನ್ನು ಕರ್ಮದೊಡನೆ ಮನಸ್ಸಿನಲ್ಲಿ ಜೋಡಿಸಿಕೊಂಡಿರುವುದೇ ಅನುಸಂಧಾನ. ಅರ್ಥ ಸುಲಭವಾಗಿದೆ, ಆಚರಣೆಯಾದರೋ ಕಠಿಣ.

ಇಂದಿನ ಗೃಹಸ್ಥರ ದಿನಚರಿಯನ್ನು ನೋಡಿದರೆ ಈ ಕಾಠಿಣ್ಯವು ಇನ್ನೂ ಸ್ಪಷ್ಟವಾಗುವುದು. ಮುಂಜಾನೆ ಎದ್ದೊಡನೆ ಕರದರ್ಶನಕ್ಕೆ ಬದಲಾಗಿ ಮೊಬೈಲಿನ ದರ್ಶನವಾಗುತ್ತದೆ. ಮಕ್ಕಳ ಶಾಲೆಯ ವಾಹನ ಏಳೂವರೆಗೆ ಬರುವುದು. ಅಷ್ಟರೊಳಗೆ ಸ್ನಾನ, ಸಂಧ್ಯೆ, ಅಡಿಗೆ, ಬುತ್ತಿ ಎಲ್ಲವೂ ಮುಗಿಯಬೇಕು. ಬಸ್ಸು, ಮೆಟ್ರೋ, ಕಚೇರಿ, ಮರಳಿ ಬಸ್ಸು. ರಾತ್ರಿ ಮನೆಗೆ ಬಂದವನಿಗೆ ದೇವರ ಮುಂದೆ ದೀಪವಿದೆಯೆಂಬುದನ್ನು ನೋಡುವಷ್ಟೂ ವ್ಯವಧಾನವಿಲ್ಲ. ದೇವಸ್ಥಾನಕ್ಕೆ ಬರುವ ಅನೇಕ ಸಜ್ಜನರು ನಮ್ಮೊಡನೆ, 'ಆಚಾರ್ರೇ, ಮಾಡಬೇಕೆಂಬ ಆಸೆ ಇದೆ, ಹೊತ್ತೇ ಇಲ್ಲ' ಎಂದು ನೊಂದುಕೊಂಡು ಹೇಳುವುದುಂಟು. ಅವರ ಮಾತಿನಲ್ಲಿ ಕಪಟವಿಲ್ಲ. ಆದರೆ ಕೊರತೆಯಿರುವುದು ನಿಜವಾಗಿ ಹೊತ್ತಿನದೇ, ಅಥವಾ ಬೇರೆ ಯಾವುದಾದರೂ ವಸ್ತುವಿನದೇ ಎಂಬುದನ್ನು ವಿಚಾರಿಸುವುದಕ್ಕಾಗಿ ಈ ಲೇಖನ.

ನಮ್ಮದೇ ಒಂದು ತಪ್ಪು

ಬೇರೆಯವರಿಗೆ ಉಪದೇಶಿಸುವ ಮುನ್ನ ನಮ್ಮ ತಪ್ಪನ್ನೇ ಹೇಳಿಕೊಳ್ಳುವುದು ಯುಕ್ತ. ನಮ್ಮ ತೀರ್ಥರೂಪರು ಅರ್ಚಕರು. ನಾವು ಬಾಲ್ಯದಲ್ಲಿ ಪಾಠಶಾಲೆಯಲ್ಲಿ ಓದಿ, ಅನಂತರ ಬಿ.ಎ. ಮುಗಿಸಿ, ಈಗ ಹಗಲಲ್ಲಿ ಉದ್ಯೋಗಕ್ಕೆ ಹೋಗುತ್ತ, ಬೆಳಿಗ್ಗೆ ದೇವಸ್ಥಾನದಲ್ಲಿ ತಂದೆಯವರಿಗೆ ಸಹಾಯಕರಾಗಿ ನಿಲ್ಲುತ್ತೇವೆ. ಒಂದು ದಿನ ಬೆಳಿಗ್ಗೆ ಉದ್ಯೋಗಕ್ಕೆ ಸಂಬಂಧಿಸಿದ ಒಂದು ಸಂದೇಶವನ್ನು ಮೊಬೈಲಿನಲ್ಲಿ ನೋಡಿ, ಅದರ ಚಿಂತೆಯನ್ನು ಹೊತ್ತುಕೊಂಡೇ ಗರ್ಭಗುಡಿಯ ಮುಂದೆ ಬಂದೆವು. ಆ ದಿನ ಎರಡು ಕುಟುಂಬದವರು ಅಭಿಷೇಕಕ್ಕೆ ಬಂದಿದ್ದರು. ಎರಡನೆಯ ಕುಟುಂಬದ ಅಜ್ಜಿಯವರು ತಮ್ಮ ಮೊಮ್ಮಗನನ್ನು ಕೈಹಿಡಿದು ನಿಂತಿದ್ದರು; ಅಂದು ಅವನ ಜನ್ಮನಕ್ಷತ್ರ. ಮಗುವು ಬಹಳ ದಿನ ಜ್ವರದಿಂದ ನರಳಿ ಚೇತರಿಸಿಕೊಂಡಿದ್ದಿತೆಂದೂ, ಅದಕ್ಕಾಗಿಯೇ ಹರಕೆಯ ಅಭಿಷೇಕವೆಂದೂ ಅವರು ಮೊದಲೇ ತಿಳಿಸಿದ್ದರು.

ನಾವು ಸಂಕಲ್ಪ ಹೇಳಲಾರಂಭಿಸಿದೆವು. ನಾಲಗೆಯು ಅಭ್ಯಾಸಬಲದಿಂದ ಓಡಿತು. ಹಿಂದಿನ ದಿನದ ತಿಥಿಯನ್ನೂ ವಾರವನ್ನೂ ಹೇಳಿದೆವು. ಅಷ್ಟೇ ಅಲ್ಲ, ಗೋತ್ರ ನಕ್ಷತ್ರಗಳ ಸ್ಥಳದಲ್ಲಿ ಮೊದಲನೆಯ ಕುಟುಂಬದ ಯಜಮಾನರ ಹೆಸರನ್ನೇ ಹೇಳಿಬಿಟ್ಟೆವು. ಅಜ್ಜಿಯವರು ಸಿಟ್ಟಾಗಲಿಲ್ಲ. ಸಂಕೋಚದಿಂದ, ಮೆಲ್ಲನೆ, 'ಆಚಾರ್ರೇ, ಅದು ನಮ್ಮ ಮಗುವಿನ ಹೆಸರಲ್ಲ' ಎಂದರು.

ತಂದೆಯವರು ಒಳಗಿನಿಂದ ಅದನ್ನು ಕೇಳಿಸಿಕೊಂಡರು. ಏನೂ ಆಡದೆ ಹೊರಗೆ ಬಂದು, ಮಗುವಿನ ಎದುರಿಗೆ ಬಗ್ಗಿ ಅದರ ಹೆಸರನ್ನು ಅದರ ಬಾಯಿಂದಲೇ ಕೇಳಿ, ಆಚಮನದಿಂದ ಮೊದಲುಗೊಂಡು ಸಂಕಲ್ಪವನ್ನು ತಾವೇ ಮತ್ತೊಮ್ಮೆ ಮಾಡಿದರು. ಮಂಗಳಾರತಿಯಾಗಿ ಎಲ್ಲರೂ ಹೋದ ಮೇಲೆ ನಮ್ಮನ್ನು ಕರೆದು ಹೇಳಿದ ಮಾತು ಇಷ್ಟೇ: 'ಮಂತ್ರದ ಅಕ್ಷರ ತಪ್ಪಿದರೆ ಅದಕ್ಕೆ ಪ್ರಾಯಶ್ಚಿತ್ತ ಉಂಟಪ್ಪಾ. ಆದರೆ ಆ ಮಗು ಎದುರಿಗೇ ನಿಂತಿತ್ತು. ಅದು ನಿನಗೆ ಕಾಣಲೇ ಇಲ್ಲವಲ್ಲ. ನೀನು ಎಲ್ಲಿದ್ದೆ?'

ಈ ಪ್ರಶ್ನೆಗೆ ಅಂದು ನಮ್ಮಲ್ಲಿ ಉತ್ತರವಿರಲಿಲ್ಲ. ಹೊತ್ತಿಲ್ಲವೆಂದು ಹೇಳುವಂತಿರಲಿಲ್ಲ, ನಾವು ದೇವರ ಮುಂದೆಯೇ ನಿಂತಿದ್ದೆವು, ಕೈಯಲ್ಲಿ ಅಕ್ಷತೆಯಿದ್ದಿತು. ಹೊತ್ತೂ ಇತ್ತು, ಸ್ಥಳವೂ ಇತ್ತು, ಕರ್ಮವೂ ನಡೆಯುತ್ತಿತ್ತು. ಮನಸ್ಸು ಮಾತ್ರ ಇರಲಿಲ್ಲ. ಆದುದರಿಂದ ಬಿಡುವು ದೊರೆತರೆ ಅನುಸಂಧಾನವು ತಾನಾಗಿಯೇ ಬರುವುದೆಂಬುದು ಭ್ರಮೆ ಎಂದು ಅಂದೇ ನಮಗೆ ಮನದಟ್ಟಾಯಿತು.

ಸಂಕಲ್ಪವು ಮಾಡುವ ಕೆಲಸ

ತಪ್ಪಿದ್ದು ಸಂಕಲ್ಪದಲ್ಲಿಯಾದ್ದರಿಂದ, ಸಂಕಲ್ಪವೆಂದರೇನೆಂಬುದನ್ನೇ ನಾವು ಮತ್ತೆ ವಿಚಾರಿಸಿ ನೋಡಿದೆವು. ಅದರ ಕ್ರಮವನ್ನು ಗಮನಿಸಿರಿ. ಮೊದಲು ಶ್ವೇತವರಾಹಕಲ್ಪ, ಒಂದು ಕಲ್ಪಕ್ಕೆ 432 ಕೋಟಿ ವರ್ಷಗಳು. ಅದರಲ್ಲಿ ವೈವಸ್ವತ ಮನ್ವಂತರ. ಅದರಲ್ಲಿ 28ನೆಯ ಮಹಾಯುಗದ ಕಲಿಯುಗ. ಅದರ 4,32,000 ವರ್ಷಗಳಲ್ಲಿ ಕಳೆದಿರುವುದು 5,100 ವರ್ಷಗಳಿಗೆ ತುಸು ಹೆಚ್ಚು, ಆದ್ದರಿಂದ ಪ್ರಥಮ ಪಾದ. ಮುಂದೆ ದೇಶ: ಜಂಬೂದ್ವೀಪ, ಭರತವರ್ಷ, ಗೋದಾವರಿಯ ದಕ್ಷಿಣ ತೀರ. ಪುನಃ ಕಾಲ: 60 ಸಂವತ್ಸರಗಳಲ್ಲಿ ಇದು ಯಾವುದು, ಅಯನವಾವುದು, ಋತು, ಮಾಸ, ಪಕ್ಷ, ತಿಥಿ, ವಾರ, ನಕ್ಷತ್ರಗಳಾವುವು. ಕೊನೆಗೆ ಗೋತ್ರ, ಹೆಸರು, ಮಾಡಲಿರುವ ಕರ್ಮ.

ಕೋಟಿಗಟ್ಟಲೆ ವರ್ಷಗಳಿಂದ ಇಳಿಯುತ್ತ ಇಳಿಯುತ್ತ ಈ ದಿನಕ್ಕೆ, ಈ ಸ್ಥಳಕ್ಕೆ, ಈ ಒಬ್ಬ ಮನುಷ್ಯನಿಗೆ, ಅವನ ಕೈಯಲ್ಲಿರುವ ಈ ಒಂದು ಕರ್ಮಕ್ಕೆ ಬಂದು ನಿಲ್ಲುವುದೇ ಸಂಕಲ್ಪದ ಗತಿ. ಊರೆಲ್ಲ ಅಲೆಯುತ್ತಿರುವ ಮನಸ್ಸನ್ನು ಕೈಹಿಡಿದು ತಂದು, 'ನೀನು ಇರುವುದು ಇಲ್ಲಿ, ಈಗ. ಮಾಡಬೇಕಾದುದು ಇದು' ಎಂದು ಮಣೆಯ ಮೇಲೆ ಕೂರಿಸುವ ವಿಧಾನವಿದು. ಅಷ್ಟಕ್ಕೇ ನಿಲ್ಲದೆ, ನಮ್ಮ ಸಂಪ್ರದಾಯದ ಸಂಕಲ್ಪದಲ್ಲಿ ವಿಷ್ಣುವಿನ ಪ್ರೇರಣೆ ಹಾಗೂ ವಿಷ್ಣುವಿನ ಪ್ರೀತಿ ಎಂಬ ಎರಡು ಮಾತುಗಳು ಸೇರಿವೆ. ಮಾಡಿಸುವವನು ಅವನು, ಮಾಡುವುದು ಅವನಿಗಾಗಿ. ಸ್ವತಂತ್ರನಾದವನು ಹರಿಯೊಬ್ಬನೇ, ಜೀವನು ಅವನ ಅಧೀನನು ಎಂಬ ಶ್ರೀಮದಾಚಾರ್ಯರ ಸಿದ್ಧಾಂತವು ಈ ಎರಡು ಮಾತುಗಳಲ್ಲಿ ಅಡಗಿದೆ. ಇಂತಹ ಸಂಕಲ್ಪವನ್ನು ಮನಸ್ಸನ್ನು ಬೇರೆಲ್ಲಿಯೋ ಬಿಟ್ಟು ಹೇಳಿದ ನಮ್ಮ ಅವಸ್ಥೆಯು, ಊರಿನ ದಾರಿಯನ್ನು ಬೇರೆಯವರಿಗೆ ಹೇಳುತ್ತ ತಾನೇ ದಾರಿ ತಪ್ಪಿದವನ ಅವಸ್ಥೆಯಂತಾಯಿತು.

ಸ್ಮರಣೆಯೆಂಬ ಹಳೆಯ ಪದ

ಈಚೆಗೆ ನಗರಗಳಲ್ಲಿ 'ಮೈಂಡ್‌ಫುಲ್‌ನೆಸ್' ಎಂಬ ಶಬ್ದವು ಬಹಳವಾಗಿ ಕೇಳಿಬರುತ್ತಿದೆ. ಕಚೇರಿಗಳಲ್ಲಿ ಅದರ ತರಗತಿಗಳು ನಡೆಯುತ್ತವೆ. ನಮ್ಮ ಮನೆಗಳ ಮಕ್ಕಳೂ ಅದನ್ನು ಕಲಿತು ಬರುತ್ತಾರೆ. ಅದರ ಮೂಲವನ್ನು ತಿಳಿದಿರುವುದು ಒಳ್ಳೆಯದು. ಬೌದ್ಧರ ಪಾಲಿ ಗ್ರಂಥಗಳಲ್ಲಿ ಬರುವ 'ಸತಿ' ಎಂಬ ಪದವನ್ನು ರೈಸ್ ಡೇವಿಡ್ಸ್ ಎಂಬ ವಿದ್ವಾಂಸರು 1881ರಲ್ಲಿ ಆ ಇಂಗ್ಲಿಷ್ ಶಬ್ದದಿಂದ ಅನುವಾದಿಸಿದರು. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಜಾನ್ ಕಬಟ್-ಜಿನ್ ಎಂಬವರು, ದೀರ್ಘಕಾಲದ ನೋವಿನಿಂದ ಬಳಲುವ ರೋಗಿಗಳಿಗಾಗಿ ಇದರ ಅಭ್ಯಾಸವನ್ನು ಆರಂಭಿಸಿದರು. ಅದು 8 ವಾರಗಳ ಶಿಕ್ಷಣವಾಗಿ ರೂಪುಗೊಂಡು ಲೋಕದಲ್ಲೆಲ್ಲ ಹರಡಿತು. ಈ ಪಾಲಿಯ 'ಸತಿ'ಯು ಸಂಸ್ಕೃತದ 'ಸ್ಮೃತಿ'ಯೇ ಆಗಿದೆ. ಎಂದರೆ, ನೆನಪು, ಸ್ಮರಣೆ.

ಉಸಿರನ್ನು ಗಮನಿಸುವುದು, ತಿನ್ನುವಾಗ ತಿನ್ನುವುದನ್ನೇ ಗಮನಿಸುವುದು ಮುಂತಾದ ಆ ಅಭ್ಯಾಸಗಳನ್ನು ನಾವು ಹಳಿಯುವುದಿಲ್ಲ. ಮನಸ್ಸು ಒಂದು ಕಡೆ ನಿಲ್ಲುವುದು ಎಲ್ಲರಿಗೂ ಹಿತವೇ. ಆದರೆ ನಮ್ಮ ಹಿರಿಯರು ಕೇಳಿದ ಪ್ರಶ್ನೆ ಒಂದು ಹೆಜ್ಜೆ ಮುಂದಿನದು. 'ಉಸಿರಾಡುತ್ತಿದ್ದೇನೆ' ಎಂದು ತಿಳಿದವನು 'ಉಸಿರಾಡಿಸುತ್ತಿರುವವನಾರು' ಎಂದೂ ತಿಳಿಯಬೇಡವೇ? 'ಉಣ್ಣುತ್ತಿದ್ದೇನೆ' ಎಂದು ಗಮನಿಸಿದವನು 'ಉಣಿಸುತ್ತಿರುವವನಾರು' ಎಂದು ನೆನೆಯಬೇಡವೇ? ಗಮನವು ಮೊದಲ ಮೆಟ್ಟಿಲು; ಕೃತಜ್ಞತೆಯಿಂದ ಕೂಡಿದ ಹರಿಸ್ಮರಣೆಯು ಮೇಲಿನ ಮೆಟ್ಟಿಲು. ಮೊದಲ ಮೆಟ್ಟಿಲನ್ನು ಹತ್ತದವನು ಎರಡನೆಯದನ್ನು ಹತ್ತಲಾರನೆಂಬುದನ್ನೂ ನಮ್ಮಂಥವರು ಮರೆಯಬಾರದು.

ಮನಸ್ಸು ಎರಡು ಕಡೆ ಇರಬಲ್ಲುದೇ?

ಇಲ್ಲಿ ಒಂದು ಆಕ್ಷೇಪವು ಸಹಜವಾಗಿ ಬರುತ್ತದೆ. ಬ್ಯಾಂಕಿನಲ್ಲಿ ಲೆಕ್ಕ ನೋಡುವವನು ಲೆಕ್ಕದಲ್ಲಿ ಮನಸ್ಸಿಡಬೇಕು; ಹರಿಯನ್ನು ನೆನೆಯುತ್ತ ಕುಳಿತರೆ ಲೆಕ್ಕ ತಪ್ಪುವುದು. ವಾಹನ ನಡೆಸುವವನು ಧ್ಯಾನದಲ್ಲಿ ತೊಡಗಿದರೆ ಅನಾಹುತವೇ ಆದೀತು. ಹೀಗಿರುವಾಗ ಲೌಕಿಕ ಕರ್ಮದ ನಡುವೆ ಸ್ಮರಣೆ ಹೇಗೆ ಸಾಧ್ಯ?

ಗೀತೆಯ 8ನೆಯ ಅಧ್ಯಾಯದಲ್ಲಿ ಭಗವಂತನು ಅರ್ಜುನನಿಗೆ, ಸರ್ವಕಾಲದಲ್ಲಿಯೂ ತನ್ನನ್ನು ನೆನೆಯಬೇಕೆಂದೂ ಅದರೊಡನೆಯೇ ಯುದ್ಧವನ್ನೂ ಮಾಡಬೇಕೆಂದೂ ವಿಧಿಸುತ್ತಾನೆ. ಯುದ್ಧಕ್ಕಿಂತ ಹೆಚ್ಚು ಗಡಿಬಿಡಿಯ ಕಾರ್ಯವು ಲೋಕದಲ್ಲಿ ಯಾವುದಿದೆ? ಅರ್ಜುನನು ಕಣ್ಣುಮುಚ್ಚಿ ಕುಳಿತಿದ್ದರೆ ಎದುರಿನವರ ಬಾಣವು ಕಾಯುತ್ತಿರಲಿಲ್ಲ. ಆದುದರಿಂದ ಆ ಉಪದೇಶದ ಅಭಿಪ್ರಾಯವು ಕರ್ಮದಿಂದ ಮನಸ್ಸನ್ನು ಕಿತ್ತು ಬೇರೆ ಕಡೆಗೆ ಒಯ್ಯಬೇಕೆಂಬುದಲ್ಲ. ಕರ್ಮವನ್ನೇ ಅವನ ಪೂಜೆಯೆಂದು ತಿಳಿದು ಅದರಲ್ಲಿ ಪೂರ್ಣವಾಗಿ ಮನಸ್ಸಿಡಬೇಕೆಂಬುದು. ತೊಟ್ಟಿಲಲ್ಲಿ ಮಗುವನ್ನು ಮಲಗಿಸಿ ಅಡಿಗೆಮನೆಯಲ್ಲಿ ಕೆಲಸ ಮಾಡುವ ತಾಯಿಯನ್ನು ನೋಡಿರಿ. ಕೈಯಲ್ಲಿ ಹೆಚ್ಚುವ ತರಕಾರಿ ತಪ್ಪುವುದಿಲ್ಲ, ಒಲೆಯ ಮೇಲಿನ ಹಾಲು ಉಕ್ಕುವುದಿಲ್ಲ. ಆದರೆ ಮಗುವು ತುಸು ಕದಲಿದರೂ ಆ ಸದ್ದು ಮೊದಲು ಅವಳಿಗೇ ಕೇಳಿಸುವುದು. ಕೆಲಸದ ಕೆಳಗೆ ಕೆಲಸಕ್ಕೆ ಅಡ್ಡಿಯಾಗದಂತೆ ಪ್ರೀತಿಯು ಎಚ್ಚತ್ತಿರುತ್ತದೆ. ಸ್ಮರಣೆಯೂ ಹೀಗೆಯೇ.

ಭಾಗವತದ 9ನೆಯ ಸ್ಕಂಧದಲ್ಲಿ ಬರುವ ಅಂಬರೀಷ ಮಹಾರಾಜನ ಚರಿತ್ರೆಯೂ ಇದನ್ನೇ ತಿಳಿಸುತ್ತದೆ. ಅವನು ರಾಜ್ಯವನ್ನಾಳುವ ದೊರೆ, ಬಿಡುವಿಲ್ಲದವನು. ಅವನು ರಾಜ್ಯವನ್ನು ಬಿಟ್ಟು ಓಡಲಿಲ್ಲ. ಮನಸ್ಸನ್ನು ಕೃಷ್ಣನ ಪಾದಗಳಲ್ಲಿ, ಮಾತನ್ನು ಅವನ ಗುಣವರ್ಣನೆಯಲ್ಲಿ, ಕೈಗಳನ್ನು ದೇವಾಲಯ ಸಮ್ಮಾರ್ಜನದಲ್ಲಿ, ಕಿವಿಯನ್ನು ಕಥಾಶ್ರವಣದಲ್ಲಿ ತೊಡಗಿಸಿದನು. 10ನೆಯ ಸ್ಕಂಧದಲ್ಲಿ ಗೋಪಿಯರು ಹಾಲು ಕರೆಯುವಾಗ, ಮೊಸರು ಕಡೆಯುವಾಗ, ಮನೆಯನ್ನು ಸಾರಿಸುವಾಗ ಕೃಷ್ಣನನ್ನು ಹಾಡುತ್ತಿದ್ದರೆಂದು ವರ್ಣನೆಯಿದೆ. ಇವರಲ್ಲಿ ಯಾರಿಗೂ ಪ್ರತ್ಯೇಕವಾದ ಬಿಡುವು ಇರಲಿಲ್ಲ. ಇದ್ದ ಕೆಲಸವೇ ಅವರಿಗೆ ಸ್ಮರಣೆಯ ಸ್ಥಾನವಾಯಿತು.

ಇದಲ್ಲದೆ, ಜನರಿಗೆ ಮಾಡುವ ಸೇವೆಯು, ಪ್ರಜೆಯು ರಾಜನಿಗೆ ಸಲ್ಲಿಸಲೇಬೇಕಾದ ಕಂದಾಯದಂತೆ ಭಗವಂತನಿಗೆ ಸಲ್ಲಬೇಕಾದ ಕರ್ತವ್ಯವೆಂದು ಶ್ರೀಮದಾಚಾರ್ಯರು (1238–1317) ಗೀತಾತಾತ್ಪರ್ಯದಲ್ಲಿ ತಿಳಿಸಿರುವುದು ನಮ್ಮ ಉದ್ಯೋಗಸ್ಥರಿಗೆ ಬಹಳ ಉಪಯುಕ್ತವಾದ ಮಾತು. ಮೇಜಿನ ಆಚೆ ಅರ್ಜಿ ಹಿಡಿದು ನಿಂತಿರುವ ವೃದ್ಧರನ್ನು ಮುಖವೆತ್ತಿ ನೋಡಿ ಅವರ ಮಾತನ್ನು ಪೂರ್ತಿಯಾಗಿ ಕೇಳುವುದು ಆ ಕಂದಾಯವನ್ನು ಸಲ್ಲಿಸಿದಂತೆ. ಎದುರಿಗಿದ್ದ ಮಗುವನ್ನು ಕಾಣದೆ ಸಂಕಲ್ಪ ಹೇಳಿದ ನಾವು ಆ ದಿನ ಕಂದಾಯವನ್ನು ಬಾಕಿಯಿಟ್ಟುಕೊಂಡೆವು.

ಅಡಿಗೆಮನೆ ಮತ್ತು ಎಲೆ

ನಮ್ಮ ಮನೆಗಳ ಆಚರಣೆಗಳನ್ನು ಈ ದೃಷ್ಟಿಯಿಂದ ನೋಡಿದರೆ, ಅವುಗಳಲ್ಲಿ ಅನೇಕವು ಮನಸ್ಸನ್ನು ಹಿಡಿದು ನಿಲ್ಲಿಸುವುದಕ್ಕಾಗಿಯೇ ಏರ್ಪಟ್ಟಿವೆಯೋ ಎಂಬಂತೆ ಕಾಣುತ್ತವೆ. ಆಚಮನಕ್ಕೆ ಉದ್ದಿನ ಕಾಳು ಮುಳುಗುವಷ್ಟು ನೀರು ಎಂಬ ಅಳತೆಯನ್ನು ಹೇಳಿದ್ದಾರೆ. ಅಂಗೈಯನ್ನು ನೋಡದೆ ಈ ಅಳತೆಯು ಸಿದ್ಧಿಸದು. ಗಾಯತ್ರೀಜಪವನ್ನು ಬೆರಳ ಗೆಣ್ಣುಗಳ ಮೇಲೆ, ಉಂಗುರದ ಬೆರಳಿನ ನಡುವಿನ ಗೆಣ್ಣಿನಿಂದಾರಂಭಿಸಿ ಎಣಿಸುತ್ತೇವೆ. ಎಣಿಕೆ ತಪ್ಪಿದೊಡನೆ ಮನಸ್ಸು ಹೊರಟುಹೋಗಿದ್ದುದು ತಿಳಿಯುವುದು. ಬೆರಳು ಇಲ್ಲಿ ಮನಸ್ಸಿನ ಕಾವಲುಗಾರ.

ಅಡಿಗೆಯ ವಿಷಯವನ್ನು ನೋಡಿರಿ. ದೇವರ ನೈವೇದ್ಯವಾಗುವ ಮುನ್ನ ಅಡಿಗೆಯ ರುಚಿ ನೋಡುವಂತಿಲ್ಲ. ನಮ್ಮ ತಾಯಿಯವರು ಮಡಿಯಲ್ಲಿ ಅಡಿಗೆಗೆ ನಿಂತರೆ ಉಪ್ಪನ್ನು ಕೈಯಳತೆಯಿಂದಲೇ ಹಾಕುತ್ತಾರೆ; ಸಾರು ಕುದಿದ ವಾಸನೆಯಿಂದಲೇ ಅದರ ಹದವನ್ನು ಅರಿಯುತ್ತಾರೆ. ನಾಲಗೆಯ ಸಹಾಯವಿಲ್ಲದ ಕಾರಣ ಕಣ್ಣು, ಮೂಗು, ಕಿವಿ, ಕೈ ಎಲ್ಲವೂ ಎಚ್ಚತ್ತಿರಲೇಬೇಕಾಗುವುದು. ಒಮ್ಮೆ ಅವರನ್ನು, 'ಇಷ್ಟು ವರ್ಷವಾದರೂ ಉಪ್ಪು ತಪ್ಪುವುದಿಲ್ಲವಲ್ಲಮ್ಮಾ, ಹೇಗೆ?' ಎಂದು ಕೇಳಿದೆವು. 'ಮೊದಲು ಉಣ್ಣುವವನು ಅವನಲ್ಲವೇನಪ್ಪಾ, ಹೆದರಿಕೆ ಇರತದೆ' ಎಂದರು. ಇದಕ್ಕಿಂತ ಒಳ್ಳೆಯ ಅನುಸಂಧಾನವನ್ನು ನಾವು ಪಾಠಶಾಲೆಯಲ್ಲಿ ಕೇಳಿಲ್ಲ.

ಊಟಕ್ಕೆ ಕುಳಿತಾಗಲೂ ಹಾಗೆಯೇ. ಪರಿಷೇಚನ, ಚಿತ್ರಾಹುತಿ, ಆಪೋಶನ, ಅನಂತರ ಪ್ರಾಣ, ಅಪಾನ, ವ್ಯಾನ, ಉದಾನ, ಸಮಾನರಿಗೆ ಐದು ಆಹುತಿಗಳು. ಈ ಐವರ ಅಂತರ್ಗತವಾಗಿ ಅನಿರುದ್ಧ, ಪ್ರದ್ಯುಮ್ನ, ಸಂಕರ್ಷಣ, ವಾಸುದೇವ, ನಾರಾಯಣರೆಂಬ ಭಗವದ್ರೂಪಗಳನ್ನು ನೆನೆಯುವುದು ನಮ್ಮ ಸಂಪ್ರದಾಯ. ಐದು ಸಣ್ಣ ತುತ್ತುಗಳು, ಐದು ರೂಪಗಳು. ಇಷ್ಟಕ್ಕೆ ಒಂದು ನಿಮಿಷವೂ ಬೇಡ. ಮಾನವಿಯ ಶ್ರೀಜಗನ್ನಾಥದಾಸರು (1728–1809) 32 ಸಂಧಿಗಳ ಹರಿಕಥಾಮೃತಸಾರದಲ್ಲಿ ಭೋಜನಕ್ಕಾಗಿಯೇ ಒಂದು ಸಂಧಿಯನ್ನು ಮೀಸಲಿಟ್ಟು, ಅನ್ನ, ಹಾಲು, ತುಪ್ಪ ಮುಂತಾದ ಪದಾರ್ಥಗಳಲ್ಲಿ ಭಗವಂತನ ಯಾವ ಯಾವ ರೂಪಗಳನ್ನು ಚಿಂತಿಸಬೇಕೆಂಬುದನ್ನು ಕನ್ನಡದಲ್ಲಿಯೇ ತಿಳಿಸಿದ್ದಾರೆ. ಸಂಸ್ಕೃತವನ್ನು ಅರಿಯದವರೂ, ಸ್ತ್ರೀಯರೂ, ಮಕ್ಕಳೂ ಎಲೆಯ ಮುಂದೆಯೇ ಅನುಸಂಧಾನವನ್ನು ಕಲಿಯಲಿ ಎಂಬ ದಾಸರ ಕರುಣೆಯದು. ಇಂದು ಆ ಎಲೆಯ ಪಕ್ಕದಲ್ಲಿ ಮೊಬೈಲನ್ನಿಟ್ಟುಕೊಂಡು, ಏನನ್ನು ಉಂಡೆವೆಂಬುದೇ ತಿಳಿಯದಂತೆ ಏಳುವವರು ಎಷ್ಟು ಮಂದಿಯಿಲ್ಲ!

ಚಾತುರ್ಮಾಸ್ಯದ ವ್ರತವೂ ಇದೇ ಬಗೆಯದು. ಮೊದಲನೆಯ ತಿಂಗಳು ಶಾಕವರ್ಜನ, ಎರಡನೆಯದು ಮೊಸರು, ಮೂರನೆಯದು ಹಾಲು, ನಾಲ್ಕನೆಯದು ದ್ವಿದಳ ಧಾನ್ಯ. ಈ ನಾಲ್ಕು ತಿಂಗಳು ಎಲೆಗೆ ಕೈ ಹಾಕುವ ಮುನ್ನ ಪ್ರತಿಯೊಬ್ಬನೂ 'ಇದೇನು, ಇದು ಈಗ ಸಲ್ಲುವುದೇ?' ಎಂದು ಒಂದು ಕ್ಷಣ ನಿಲ್ಲಲೇಬೇಕು. ಆ ನಿಲುಗಡೆಯೂ ವ್ರತದ ಫಲಗಳಲ್ಲಿ ಒಂದೆಂದು ನಾವು ಭಾವಿಸುತ್ತೇವೆ.

ಹದಿನೈದು ಶ್ವಾಸಗಳು

ಮನೆಯಲ್ಲಿ ಇಷ್ಟು ಅವಕಾಶಗಳುಂಟು. ಹೊರಗೆ ಬಸ್ಸಿನಲ್ಲಿ, ಸರತಿಯ ಸಾಲಿನಲ್ಲಿ ನಿಂತಾಗ ಏನು ಮಾಡಬೇಕು? ಇದಕ್ಕೂ ನಮ್ಮ ಶಾಸ್ತ್ರದಲ್ಲಿ ದಾರಿಯಿದೆ. ಸಕಲ ಜೀವರಲ್ಲಿ ನೆಲೆಸಿರುವ ಮುಖ್ಯಪ್ರಾಣದೇವರು ಒಂದು ಅಹೋರಾತ್ರದಲ್ಲಿ 21,600 ಬಾರಿ ಹಂಸಮಂತ್ರದ ಜಪವನ್ನು ನಡೆಸುತ್ತಾರೆಂಬುದು ಪ್ರಸಿದ್ಧವಾದ ವಿಷಯ. ಹರಿಕಥಾಮೃತಸಾರದಲ್ಲಿ ಶ್ವಾಸಸಂಧಿಯೇ ಇದೆ. ಈ ಸಂಖ್ಯೆಯನ್ನು ಲೆಕ್ಕಹಾಕಿ ನೋಡಿದರೆ ಗಂಟೆಗೆ 900, ನಿಮಿಷಕ್ಕೆ 15 ಶ್ವಾಸಗಳಾಗುತ್ತವೆ. ವಿಶ್ರಾಂತಿಯಲ್ಲಿರುವ ಆರೋಗ್ಯವಂತ ವಯಸ್ಕನ ಉಸಿರಾಟವು ನಿಮಿಷಕ್ಕೆ 12ರಿಂದ 20 ಎಂದು ಇಂದಿನ ವೈದ್ಯರೂ ಹೇಳುತ್ತಾರೆ.

ನಾವು ಮಲಗಿರುವಾಗಲೂ, ಜಗಳವಾಡುವಾಗಲೂ, ಅವನನ್ನು ಮರೆತಿರುವಾಗಲೂ ನಮ್ಮೊಳಗೆ ಆ ಜಪವು ನಿಲ್ಲದೆ ನಡೆಯುತ್ತಿದೆ. ನಮ್ಮ ಪಾಲಿನ ಕೆಲಸವು ಅದನ್ನು ಮಾಡುವುದಲ್ಲ. ನಡೆಯುತ್ತಿರುವುದನ್ನು ಒಮ್ಮೆ ತಿರುಗಿ ನೋಡುವುದಷ್ಟೆ. 21,600ರಲ್ಲಿ 15ನ್ನು, ಎಂದರೆ ದಿನದ ಒಂದೇ ಒಂದು ನಿಮಿಷವನ್ನು, 'ಒಳಗಿರುವ ಪ್ರಾಣದೇವರು ಈ ಜಪವನ್ನು ನಡೆಸುತ್ತಿದ್ದಾರೆ. ಅವರ ಅಂತರ್ಗತನಾದ ಶ್ರೀಹರಿಯು ನಡೆಸಿಸುತ್ತಿದ್ದಾನೆ' ಎಂಬ ತಿಳಿವಳಿಕೆಯಿಂದ ಕಳೆಯಲು ಯಾರಿಗೆ ತಾನೆ ಹೊತ್ತಿಲ್ಲ? ಬಸ್ಸು ಬರುವ ತನಕ, ಲಿಫ್ಟು ಇಳಿಯುವ ತನಕ, ಕುಕ್ಕರಿನ ಮೊದಲ ಕೂಗು ಬರುವ ತನಕ ಇದು ಸಾಧ್ಯ. ವಾಹನವನ್ನು ತಾವೇ ನಡೆಸುವವರು ಮಾತ್ರ ದಾರಿಯಲ್ಲಿ ದೃಷ್ಟಿಯಿಡುವುದೇ ಆಗಿನ ತಮ್ಮ ಅನುಸಂಧಾನವೆಂದು ತಿಳಿಯತಕ್ಕದ್ದು.

ತಪ್ಪಿದವನಿಗೆ ನಾಮತ್ರಯ

ಇಷ್ಟೆಲ್ಲ ತಿಳಿದರೂ ಮನಸ್ಸು ತಪ್ಪಿಹೋಗುವುದನ್ನು ಬಿಡುವುದಿಲ್ಲ. ಗಾಳಿಯನ್ನು ಹಿಡಿಯುವಂತೆ ಮನಸ್ಸನ್ನು ಹಿಡಿಯುವುದು ದುಷ್ಕರವೆಂದು ಅರ್ಜುನನೇ ತೋಡಿಕೊಂಡನು. ಭಗವಂತನು ಅದನ್ನು ಅಲ್ಲಗಳೆಯಲಿಲ್ಲ. ಅಭ್ಯಾಸ ಮತ್ತು ವೈರಾಗ್ಯಗಳಿಂದ ಅದು ಸಾಧ್ಯವೆಂದನು. ಅಭ್ಯಾಸವೆಂದರೆ ಒಮ್ಮೆಯೂ ತಪ್ಪದಿರುವುದಲ್ಲ. ತಪ್ಪಿದಾಗಲೆಲ್ಲ ಮರಳಿ ತರುವುದು.

ಈ ಸತ್ಯವನ್ನು ನಮ್ಮ ಕರ್ಮಕ್ರಮವು ಮೊದಲೇ ಅರಿತಿದೆ. ಪ್ರತಿಯೊಂದು ಕರ್ಮದ ಕೊನೆಯಲ್ಲಿಯೂ ಮಂತ್ರ, ತಂತ್ರ, ಸ್ವರ, ವರ್ಣಗಳ ಲೋಪದೋಷಗಳಿಗೆ ಪ್ರಾಯಶ್ಚಿತ್ತವಾಗಿ ಅಚ್ಯುತ, ಅನಂತ, ಗೋವಿಂದ ಎಂಬ ನಾಮತ್ರಯವನ್ನು ಜಪಿಸುತ್ತೇವೆ. 'ಇಂದು ತಪ್ಪಾಗಿದ್ದರೆ ಜಪಿಸು' ಎಂದು ವಿಧಿಸಿಲ್ಲ, ಪ್ರತಿದಿನವೂ ಜಪಿಸಬೇಕು. ಜೀವನು ತಪ್ಪಿಯೇ ತಪ್ಪುವನೆಂದು ತಿಳಿದ ಋಷಿಗಳು ಮರಳಿ ಬರುವ ಬಾಗಿಲನ್ನು ಕರ್ಮದೊಳಗೇ ಇಟ್ಟಿದ್ದಾರೆ. ಆ ಮಗುವಿನ ಅಭಿಷೇಕದ ದಿನ ನಾಮತ್ರಯವನ್ನು ಹೇಳುವಾಗ ನಮ್ಮ ಕಂಠವು ಬಿಗಿದುಬಂದಿತು. ಸಾವಿರಾರು ಸಲ ಹೇಳಿದ್ದ ಆ ಮೂರು ಹೆಸರುಗಳು ಏಕಿವೆಯೆಂಬುದು ಆ ದಿನ ನಮಗೆ ತಿಳಿಯಿತು. ಎಂದೂ ಚ್ಯುತಿಯಿಲ್ಲದವನು ಅಚ್ಯುತನೊಬ್ಬನೇ. ಚ್ಯುತಿಯು ನಮ್ಮ ಪಾಲಿನದು. ಅದನ್ನು ಒಪ್ಪಿಕೊಂಡು ಅವನ ಹೆಸರಿನಿಂದ ಮರಳಿ ನಿಲ್ಲುವುದೇ ಸಾಧನೆ.

ಧನುರ್ಮಾಸದಲ್ಲಿ ಆರಂಭಿಸಬಹುದಾದ ಅಭ್ಯಾಸ

ಮಂತ್ರಾಲಯದ ಶ್ರೀರಾಘವೇಂದ್ರತೀರ್ಥ ಗುರುಸಾರ್ವಭೌಮರು (1595–1671) ಮುಂಜಾನೆಗಾಗಿ ಪ್ರಾತಃಸಂಕಲ್ಪಗದ್ಯವನ್ನೂ, ದಿನದ ಕರ್ಮಗಳೆಲ್ಲವನ್ನೂ ಒಪ್ಪಿಸುವುದಕ್ಕಾಗಿ ಸರ್ವಸಮರ್ಪಣಗದ್ಯವನ್ನೂ ಅನುಗ್ರಹಿಸಿದ್ದಾರೆ. ದಿನಕ್ಕೆ ಎರಡು ತುದಿಗಳನ್ನು ಗುರುಗಳು ಹೀಗೆ ಕಟ್ಟಿಕೊಟ್ಟಿದ್ದಾರೆ. ಎರಡು ತುದಿಗಳನ್ನು ಬಿಗಿದರೆ ನಡುವಿನ ಹಗ್ಗವು ಅಷ್ಟಾಗಿ ಜೋಲುವುದಿಲ್ಲ. ಇದನ್ನೇ ಆದರ್ಶವಾಗಿಟ್ಟುಕೊಂಡು, ಬಿಡುವಿಲ್ಲದ ಗೃಹಸ್ಥರು ಮಾಡಬಹುದಾದ ಕ್ರಮವೊಂದನ್ನು ಸೂಚಿಸುತ್ತೇವೆ. ಡಿಸೆಂಬರ್ ನಡುವಿನಿಂದ ಮಕರಸಂಕ್ರಮಣದವರೆಗಿನ ಧನುರ್ಮಾಸದಲ್ಲಿ, ನಕ್ಷತ್ರಗಳು ಇನ್ನೂ ಕಾಣುತ್ತಿರುವಾಗಲೇ ಪೂಜೆಯಾಗಿ ಹುಗ್ಗಿಯ ನೈವೇದ್ಯವಾಗುವ ಆ ಸುಮಾರು 30 ದಿನಗಳಲ್ಲಿ, ಇದನ್ನು ಆರಂಭಿಸುವುದು ಅನುಕೂಲ.

ಮೊದಲನೆಯದು, ಎದ್ದೊಡನೆ ಮೊಬೈಲನ್ನು ಮುಟ್ಟುವ ಮುನ್ನ, ಇಂದಿನ ತಿಥಿ, ವಾರ, ನಕ್ಷತ್ರಗಳನ್ನು ಪಂಚಾಂಗದಲ್ಲಿ ನೋಡಿ, ಇಂದು ಮಾಡಬೇಕಾದ ಕೆಲಸಗಳನ್ನು ನೆನೆದು, 'ಇವೆಲ್ಲ ನಿನ್ನ ಪ್ರೇರಣೆಯಿಂದ, ನಿನ್ನ ಪ್ರೀತಿಗಾಗಿ' ಎಂದು ಕನ್ನಡದಲ್ಲಿಯೇ ಸಂಕಲ್ಪಿಸುವುದು. ಸ್ತ್ರೀಯರು ಹೊಸ್ತಿಲಿಗೆ ರಂಗವಲ್ಲಿ ಇಡುವಾಗ, ತುಳಸಿಗೆ ನೀರೆರೆಯುವಾಗ ಇದನ್ನು ಮಾಡಬಹುದು.

ಎರಡನೆಯದು, ಊಟದ ಎಲೆ ಅಥವಾ ತಟ್ಟೆಯ ಬಳಿ ಮೊಬೈಲನ್ನು ಇಡದಿರುವುದು. ಕೃಷ್ಣಾರ್ಪಣವೆಂದು ನೆನೆದು, ಮೊದಲ ಐದು ತುತ್ತುಗಳನ್ನಾದರೂ ಮೌನದಿಂದ ಉಣ್ಣುವುದು. ಕಚೇರಿಯಲ್ಲಿ ಬುತ್ತಿಯನ್ನು ಬಿಚ್ಚಿದಾಗಲೂ ಇದಕ್ಕೆ ಅಡ್ಡಿಯಿಲ್ಲ.

ಮೂರನೆಯದು, ಹಗಲಿನಲ್ಲಿ ಒಮ್ಮೆ, ಎಲ್ಲಿದ್ದರೂ ಸರಿಯೇ, ಹದಿನೈದು ಶ್ವಾಸಗಳಷ್ಟು ಕಾಲ ಪ್ರಾಣದೇವರ ಜಪವನ್ನು ಸ್ಮರಿಸುವುದು.

ನಾಲ್ಕನೆಯದು, ಎದುರಿಗೆ ಬಂದವರ ಮುಖವನ್ನು ನೋಡಿ, ಅವರ ಮಾತು ಮುಗಿಯುವ ತನಕ ಕೇಳುವುದು. ಮನೆಯ ಮಕ್ಕಳೂ ವೃದ್ಧರೂ ಇದರಲ್ಲಿ ಮೊದಲಿಗರು. ಅವರಿಗೆ ನಮ್ಮಿಂದ ಬೇಕಾಗಿರುವುದು ಬಹುತೇಕ ಇಷ್ಟೇ ಆಗಿರುತ್ತದೆ.

ಐದನೆಯದು, ಮಲಗುವ ಮುನ್ನ ದಿನವನ್ನು ಹಿಂದಿರುಗಿ ನೋಡಿ, ತಪ್ಪಿದ್ದನ್ನು ಮುಚ್ಚಿಡದೆ ಅವನ ಮುಂದಿಟ್ಟು, ನಾಮತ್ರಯವನ್ನು ಹೇಳಿ ಎಲ್ಲವನ್ನೂ ಒಪ್ಪಿಸುವುದು.

ಈ ಐದನ್ನೂ ಸೇರಿಸಿದರೆ ಹೆಚ್ಚೆಂದರೆ ಹದಿನೈದು ನಿಮಿಷಗಳ ಕೆಲಸ. ಸಂಧ್ಯಾವಂದನೆ, ದೇವಪೂಜೆಗಳಿಗೆ ಇದು ಬದಲಿಯಲ್ಲ. ಅವುಗಳಿಗೆ ಜೀವ ತುಂಬುವ ಉಪಾಯ. ಒಂದು ದಿನ ಬಿಟ್ಟುಹೋದರೆ ಧೈರ್ಯಗೆಡದೆ ಮರುದಿನ ಪುನಃ ಹಿಡಿಯತಕ್ಕದ್ದು.

ನಮಗೆ ಇದು ಸಿದ್ಧಿಸಿದೆಯೆಂದು ಹೇಳುವ ಧಾರ್ಷ್ಟ್ಯವಿಲ್ಲ. ಇಂದಿಗೂ ಸಂಕಲ್ಪದ ನಡುವೆ ಮನಸ್ಸು ಕಚೇರಿಗೆ ಹೋಗಿ ಬರುವುದುಂಟು. ಆದರೆ ಅಂದಿನಿಂದ ಒಂದು ನಿಯಮವನ್ನು ಮಾತ್ರ ಬಿಟ್ಟಿಲ್ಲ. ಮೊಬೈಲನ್ನು ದೇವಸ್ಥಾನದ ಹೊರಗಿನ ಗೂಡಿನಲ್ಲಿಟ್ಟು ಒಳಗೆ ಬರುತ್ತೇವೆ. ಸಂಕಲ್ಪಕ್ಕೆ ಮುಂಚೆ ಎದುರಿಗಿರುವವರ ಮುಖವನ್ನು ನೋಡಿ ಹೆಸರನ್ನು ಕೇಳುತ್ತೇವೆ. ಮಕ್ಕಳಿದ್ದರೆ ಅವರ ಬಾಯಿಂದಲೇ ಕೇಳುತ್ತೇವೆ. ಕೆಲವು ಮಕ್ಕಳು ನಾಚಿ ತಾಯಿಯ ಸೆರಗಿನ ಹಿಂದೆ ಸರಿಯುತ್ತವೆ, ಕೆಲವು ಗರ್ಭಗುಡಿಯವರೆಗೂ ಕೇಳುವಂತೆ ಕೂಗಿ ಹೇಳುತ್ತವೆ. ಆಗ ಒಳಗಿನಿಂದ ತಂದೆಯವರು ನಗುವುದು ನಮಗೆ ಕೇಳಿಸುತ್ತದೆ. ನಾವು ಎಲ್ಲಿದ್ದೇವೆಂದು ಅವರು ಈಗ ಕೇಳುವುದಿಲ್ಲ.

ಓದುಗ ಸಜ್ಜನರೆಲ್ಲರಿಗೂ ಅಲ್ಪಸ್ವಲ್ಪವಾದರೂ ಇಂತಹ ಸ್ಮರಣೆಯು ಲಭಿಸಲೆಂದು ಭಾರತೀರಮಣ ಮುಖ್ಯಪ್ರಾಣಾಂತರ್ಗತನಾದ ಶ್ರೀಹರಿಯಲ್ಲಿ ಪ್ರಾರ್ಥಿಸುತ್ತ ಈ ಲೇಖನವನ್ನು ಮುಗಿಸುತ್ತೇವೆ.

ಶ್ರೀಕೃಷ್ಣಾರ್ಪಣಮಸ್ತು.